ಡ್ರೈ ಐಸ್ ಇಲ್ಲದೆ ಕ್ಲೌಡ್ ಚೇಂಬರ್: ನನ್ನ ಅನುಭವ

ಕ್ಲೌಡ್ ಚೇಂಬರ್ ಅಂದರೆ ವಿಕಿರಣದ ಕಣಗಳು ಹಾದುಹೋದ ದಾರಿಯನ್ನು ತಣ್ಣನೆಯ ಆಲ್ಕೋಹಾಲ್ ಆವಿಯಲ್ಲಿ ಮಂಜಿನ ಗೆರೆಯಾಗಿ ತೋರಿಸುವ ಡಬ್ಬಿ. ಅದರ ತಳದ ತಟ್ಟೆಯನ್ನು ಪೆಲ್ಟಿಯರ್ (ಕರೆಂಟ್ ಹರಿದಾಗ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುವ ಬಿಲ್ಲೆ) ಹಾಕಿ ತಣಿಸುತ್ತೇನೆ ಅಂದಾಗ "ಮೈನಸ್ ಹತ್ತಕ್ಕೇ ನಿಂತುಬಿಡುತ್ತೆ, ಡ್ರೈ ಐಸೇ (ಗಟ್ಟಿ ಕಾರ್ಬನ್ ಡೈಆಕ್ಸೈಡ್) ಗತಿ" ಅಂದವರೇ ಹೆಚ್ಚು. ಈಗ ತಟ್ಟೆ ಮೈನಸ್ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಆಲ್ಫಾ ಕಣಗಳ (ಹೀಲಿಯಂ ನ್ಯೂಕ್ಲಿಯಸ್) ಜಾಡುಗಳು ಬಿಡುವಿಲ್ಲದೆ ಮೂಡುತ್ತವೆ. ಡ್ರೈ ಐಸ್‌ಗೆ ಪ್ರತಿ ಸಲವೂ ದುಡ್ಡು ಸುರಿಯಬೇಕು. ಇದು ಒಂದೇ ಸಲದ ಖರ್ಚು.

ಎರಡು ಪೆಲ್ಟಿಯರ್ ಒಂದರ ಮೇಲೊಂದು. ಕೆಳಗಿನ 12710 ಮಾದರಿಗೆ 12 ವೋಲ್ಟ್, ಮೇಲಿನ 12706 ಮಾದರಿಗೆ 5 ವೋಲ್ಟ್ ಮಾತ್ರ. ಎರಡಕ್ಕೂ 12 ಕೊಟ್ಟರೆ ಕೆಲಸ ಕೆಡುತ್ತದೆ: ಮೇಲಿನದು ಹುಟ್ಟಿಸುವ ಶಾಖವನ್ನು ಕೆಳಗಿನದು ಎಳೆದುಕೊಳ್ಳಲಾರದೆ ತಟ್ಟೆ ಬೆಚ್ಚಗಾಗುತ್ತಾ ಹೋಗುತ್ತದೆ. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ. ಹಳೇ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿಯಲ್ಲಿ (ಎಸ್‌ಎಂಪಿಎಸ್) 12, 5 ಎರಡೂ ಸಿಗುತ್ತವೆ, ಬೇರೆ ಸಪ್ಲೈ ಕೊಳ್ಳಬೇಡಿ. ಉಳಿದ ದುಡ್ಡನ್ನೆಲ್ಲ ಕೆಳಗಿನ ಬಿಸಿ ಬದಿಯನ್ನು ತಣಿಸುವ ಸಿಪಿಯು ಕೂಲರ್ (ಕಂಪ್ಯೂಟರ್ ಪ್ರೊಸೆಸರಿನ ಕೂಲರ್) ಮೇಲೆ ಹಾಕಿ. ಹೆಚ್ಚುಕಮ್ಮಿ 100 ವ್ಯಾಟ್ ಶಾಖ ಹೊರಹೋಗಬೇಕು, ಹೀಟ್‌ಪೈಪ್ ಇರುವ ದೊಡ್ಡದೇ ಬೇಕು. ಅಗ್ಗದ ಅಲ್ಯೂಮಿನಿಯಂ ಕೂಲರ್ ಶುರುವಿನಲ್ಲಿ ಆಸೆ ತೋರಿಸಿ, ಆಮೇಲೆ ತಾನೇ ಬಿಸಿಯಾಗಿ ಜಾಡುಗಳನ್ನೆಲ್ಲ ನುಂಗಿಹಾಕುತ್ತದೆ. ಬಿಲ್ಲೆಗೂ ಕೂಲರಿಗೂ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗಿರಲಿ. ಸ್ಕ್ರೂ ನೈಲಾನಿನದೇ ಆಗಬೇಕು. ಉಕ್ಕಿನದು ಬಿಸಿ ಬದಿಯ ಶಾಖವನ್ನು ಸೀದಾ ಮೇಲಕ್ಕೆ ತರುತ್ತದೆ.

ಐಸೋಪ್ರೊಪೈಲ್ ಆಲ್ಕೋಹಾಲ್ ಶೇ. 99ರದ್ದು. ಶೇ. 70ರದ್ದರಲ್ಲಿರುವ ನೀರು ತಟ್ಟೆಯ ಮೇಲೆ ಹಿಮವಾಗಿ ಕೂರುತ್ತದೆ. ನೆನೆಸಿದ ಫೆಲ್ಟ್ ಪಟ್ಟಿ ಗಾಜಿನ ಡಬ್ಬಿಯ ಮೇಲ್ಭಾಗದಲ್ಲಿ, ತಳದಿಂದ 10 ಸೆಂ.ಮೀ. ಎತ್ತರದಲ್ಲಿ. ಅಂಚಿನಲ್ಲಿ ಗಾಳಿ ನುಸುಳಿದರೆ ಬರೀ ಮಂಜು ಸುಳಿದಾಡುತ್ತದೆ, ಗೆರೆ ಮೂಡುವುದಿಲ್ಲ. ಜಾಡು ಹುಟ್ಟುವುದು ತಟ್ಟೆಯ ಮೇಲಿನ ಕೆಲವೇ ಮಿಲಿಮೀಟರ್ ಪದರದಲ್ಲಿ, ಹಾಗಾಗಿ ಎಲ್‌ಇಡಿ ಬೆಳಕು ಪಕ್ಕದಿಂದ ತಟ್ಟೆಯನ್ನು ಸವರಿಕೊಂಡು ಹೋಗಬೇಕು. ತಟ್ಟೆಗೆ ಬಳಿದ ಕಪ್ಪು ಯಾವುದು ಅನ್ನುವುದು ನನ್ನ ಹತ್ತಿರವೇ ಇರಲಿ. ಸಾಮಾನ್ಯ ಸ್ಪ್ರೇ ಪೇಂಟ್ ಆಲ್ಕೋಹಾಲ್‌ಗೆ ಎದ್ದು ಬರುತ್ತದೆ ಅಂತಷ್ಟೇ ಹೇಳುತ್ತೇನೆ. ಹಳೇ ಜಾಡುಗಳು ಬಿಟ್ಟುಹೋದ ಅಯಾನುಗಳನ್ನು (ಚಾರ್ಜ್ ಇರುವ ಕಣಗಳು) ಗುಡಿಸಲು ಒಂದೆರಡು ನೂರು ವೋಲ್ಟ್ ಕೊಡುವವರಿದ್ದಾರೆ. ಚಿತ್ರ ಚೊಕ್ಕಟವಾಗುವುದು ನಿಜ, ಆದರೆ ಆಲ್ಕೋಹಾಲ್ ಆವಿಯ ಪಕ್ಕ ಕಿಡಿ ಹಾರಿದರೆ ಬೆಂಕಿಯೇ.

ವಿಕಿರಣದ ಮೂಲಕ್ಕೆ ಶೇ. 2ರಷ್ಟು ಥೋರಿಯಂ ಇರುವ, ಕೆಂಪು ತುದಿಯ ಟಂಗ್‌ಸ್ಟನ್ ವೆಲ್ಡಿಂಗ್ ಕಡ್ಡಿ ಸಾಕು. ಅದನ್ನು ಉಜ್ಜಬೇಡಿ, ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಹೊಗೆ ಪತ್ತೆಯ ಡಬ್ಬಿ ಬಿಚ್ಚಿ ಒಳಗಿನ ವಿಕಿರಣಶೀಲ ಅಮೆರಿಸಿಯಂ ತೆಗೆಯುವ ಸಾಹಸವೂ ಬೇಡ. ಕಡ್ಡಿಯಿಂದ ದೂರದಲ್ಲಿ ಒಮ್ಮೊಮ್ಮೆ ಇಂಗ್ಲಿಷಿನ 'ವಿ' ಆಕಾರದ ಜೋಡಿ ಗೆರೆ ಕಂಡರೆ ಅದು ಥೋರಿಯಂ ಕ್ಷಯದಿಂದ ಹುಟ್ಟಿ ಹೊರಬಂದ ಅನಿಲ, ರೇಡಾನ್-220. ಅದು ಆಲ್ಫಾ ಉಗುಳಿ ಪೊಲೋನಿಯಂ-216 ಆಗುತ್ತದೆ. ಇದರ ಅರ್ಧಾಯುಷ್ಯ (ಅರ್ಧದಷ್ಟು ಪರಮಾಣುಗಳು ಕ್ಷಯಿಸುವ ಕಾಲ) 0.15 ಸೆಕೆಂಡಿನಷ್ಟೇ ಆದ್ದರಿಂದ ಎರಡನೇ ಆಲ್ಫಾ ಅದೇ ಜಾಗದಿಂದ ಚಿಮ್ಮುತ್ತದೆ. ಪರಮಾಣು ವಿದಳನವೂ (ನ್ಯೂಕ್ಲಿಯಸ್ ಒಡೆದು ಎರಡಾಗುವುದು) ಕಾಣುತ್ತದಾ ಎಂದು ಕೇಳುತ್ತಾರೆ. ಇಲ್ಲ, ಇದು ಬರೀ ವಿಕಿರಣಶೀಲ ಕ್ಷಯ: ಥೋರಿಯಂ-232ರ ಆಲ್ಫಾಕ್ಕೆ 4 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ, ಯುರೇನಿಯಂ-235ರ ಒಂದು ವಿದಳನಕ್ಕೆ ಸುಮಾರು 200.

ಕಡ್ಡಿಯೇ ಬೇಡವೆಂದರೆ ಬಲೂನು ಊದಿ, ಉಣ್ಣೆಗೆ ಉಜ್ಜಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ತೂಗುಹಾಕಿ. ಗಾಳಿಯಲ್ಲಿರುವ ರೇಡಾನ್ ಕ್ಷಯಿಸಿ ಹುಟ್ಟಿದ ವಿಕಿರಣಶೀಲ ಮರಿಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಗಾಳಿ ಬಿಟ್ಟು ರಬ್ಬರನ್ನು ಕೂಡಲೇ ಒಳಗಿಡಿ, ಏಕೆಂದರೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಚಟುವಟಿಕೆ ಅರ್ಧಕ್ಕಿಳಿಯುತ್ತದೆ. ತೇವದ ಹವೆಯಲ್ಲಿ ಬಲೂನಿನ ಚಾರ್ಜ್ ನಿಲ್ಲುವುದಿಲ್ಲ, ಒಣ ದಿನ ನೋಡಿಕೊಂಡು ಮಾಡಿ.