ಬಾಬಿನ್ ಲೇಸ್: ಮೊದಲ ಪಟ್ಟಿಗೆ ನೂಲು, ನಕ್ಷೆ, ದಿಂಬು

ಹೊಲಿಗೆ ಯಂತ್ರದ ಗುಂಡು ಬಾಬಿನ್ ಅಲ್ಲ ಇದು. ಇಲ್ಲಿ ಬಾಬಿನ್ ಅಂದರೆ ನೂಲು ಸುತ್ತಿದ, ಬೆರಳಿಗಿಂತ ತುಸು ಉದ್ದದ ಮರದ ಕಡ್ಡಿ. ದಿಂಬಿನ ಮೇಲೆ ನಕ್ಷೆ ಇಟ್ಟು, ಅದರ ಚುಕ್ಕಿಗಳಿಗೆ ಪಿನ್ ಚುಚ್ಚುತ್ತ, ಈ ಕಡ್ಡಿಗಳನ್ನು ಒಂದರ ಮೇಲೊಂದು ದಾಟಿಸಿ ಹೆಣೆಯುವುದೇ ಬಾಬಿನ್ ಲೇಸ್. ಈಗಿನ ತಮಿಳುನಾಡಿನ ನಾಗರಕೋಯಿಲ್‌ನಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಲೇಸ್ ಇದೇ. ಮೊದಲ ಸಲಕ್ಕೆ ಹೂವು, ಬೀಸಣಿಗೆ ಏನೂ ಬೇಡ. 1 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಸಾದಾ ಪಟ್ಟಿ ಸಾಕು. ಅದಕ್ಕೆ 12 ಬಾಬಿನ್: ಐದು ಜೋಡಿ ಹಾಸು (ಉದ್ದಕ್ಕೆ ಇಳಿಯುವ ನೂಲು), ಒಂದು ಜೋಡಿ ಹೊಕ್ಕು (ಅಡ್ಡ ಓಡುವ ನೂಲು).

ನೂಲು ಮೊದಲು, ನಕ್ಷೆ ಆಮೇಲೆ. 20 ನಂಬರಿನ ಹತ್ತಿ ಕ್ರೋಶಾ ನೂಲನ್ನು ಪೆನ್ಸಿಲ್ಲಿಗೆ ಒತ್ತೊತ್ತಾಗಿ, ಎಳೆದು ಬಿಗಿಯದೆ ಸುತ್ತಿ ನೋಡಿ. 1 ಸೆಂ.ಮೀ.ಗೆ ಸುಮಾರು 20 ಸುತ್ತು ಬಂದರೆ ಮುಂದಿನ ಅಳತೆ ಹೊಂದುತ್ತದೆ. 15 ಸುತ್ತೇ ಬಂದರೆ ನಕ್ಷೆಯನ್ನು 133% ಜೆರಾಕ್ಸ್ ಮಾಡಿಸಿ, 30 ಬಂದರೆ 67%. ಇದನ್ನು ಬಿಟ್ಟರೆ ಲೇಸ್ ಹಲಗೆಯಂತೆ ಸೆಟೆಯುತ್ತದೆ, ಇಲ್ಲವೇ ಸೊಳ್ಳೆಪರದೆಯಂತೆ ಜೋಲುತ್ತದೆ. ಪಾಲಿಯೆಸ್ಟರ್ ದಾರ ಜಾರುತ್ತದೆ, ಬೇಡ.

ಮಿಲಿಮೀಟರ್ ಗ್ರಾಫ್ ಹಾಳೆಯಲ್ಲಿ 10 ಮಿ.ಮೀ. ಅಂತರಕ್ಕೆ ಎರಡು ಉದ್ದಗೆರೆ ಹಿಡಿಯಿರಿ. ಎಡಗೆರೆಯಲ್ಲಿ 0, 4, 8, 12... ಹೀಗೆ ಚುಕ್ಕಿ, ಬಲಗೆರೆಯಲ್ಲಿ 2, 6, 10... ಚುಕ್ಕಿಗಳನ್ನು ನೇರ ಎದುರುಬದುರು ಇಟ್ಟರೆ ಹೊಕ್ಕು ಓರೆಯಾಗಿ ಇಳಿಯುವುದಿಲ್ಲ, ಅದಕ್ಕೇ ಈ ಹೆಚ್ಚುಕಮ್ಮಿ. ಮೇಲ್ತುದಿಯಲ್ಲಿ, ಮೊದಲ ಚುಕ್ಕಿಗಿಂತ 3 ಮಿ.ಮೀ. ಮೇಲೆ, ಎಡದಿಂದ 1, 3, 5, 7, 9 ಮಿ.ಮೀ.ಗೆ ಐದು ಚುಕ್ಕಿ: ಹಾಸಿನ ಜೋಡಿಗಳು ನೇತಾಡುವ ಜಾಗ. ಪೆನ್ಸಿಲ್ ಬಳಸಲೇಬೇಡಿ, ಸೀಸ ಬಿಳಿ ನೂಲಿಗೆ ಬಳಿದು ಹೋಗುತ್ತದೆ. ನೀರಿಗೆ ಅಳಿಯದ ಪೆನ್ನಿನಲ್ಲಿ ಗುರುತು ಹಾಕಿ.

ಹಾಳೆಯನ್ನು ಕಂದು ಬಣ್ಣದ ಹಳೆಯ ಫೈಲಿನ ರಟ್ಟಿಗೆ ಅಂಟಿಸಿ, ಮೇಲೆ ನೀಲಿ ಪಾರದರ್ಶಕ ಅಂಟುಹಾಳೆ ಹೊದಿಸಿ. ಬಿಳಿ ಮೇಲೆ ಬಿಳಿ ನೂಲು ಕಾಣದೆ ಕಣ್ಣು ಸೋಲುತ್ತದೆ. ಈಗ ರಟ್ಟನ್ನು ಥರ್ಮೊಕೋಲ್ ಮೇಲಿಟ್ಟು ಸೂಜಿಯಿಂದ ಪ್ರತಿ ಚುಕ್ಕಿಯನ್ನೂ ನೆಟ್ಟಗೆ ಚುಚ್ಚಿ. ಸೂಜಿಗೆ ಆಗಾಗ ಮೇಣದಬತ್ತಿ ಸವರಿದರೆ ಸಲೀಸು. ಓರೆ ತೂತಿನಲ್ಲಿ ಪಿನ್ನೂ ಓರೆ, ಅಂಚೂ ಸೊಟ್ಟ.

ದಿಂಬಿಗೆ 5 ಸೆಂ.ಮೀ. ದಪ್ಪ, 40 ಸೆಂ.ಮೀ. ಚೌಕದ ಗಟ್ಟಿ ಥರ್ಮೊಕೋಲ್. ಟಿವಿ ಪೆಟ್ಟಿಗೆಯ ಉದುರು ಥರ್ಮೊಕೋಲ್ ಪಿನ್ ಹಿಡಿದುಕೊಳ್ಳುವುದಿಲ್ಲ. ಅಂಚುಗಳನ್ನು ಇಳಿಜಾರಾಗಿ ಕೆತ್ತಿ, ಹಳೆಯ ಕಂಬಳಿಯ ಒಂದು ಪದರ, ಅದರ ಮೇಲೆ ನಯವಾದ ಗಾಢಬಣ್ಣದ ಹತ್ತಿಬಟ್ಟೆ ಬಿಗಿಯಿರಿ. ಗುಂಡುಸೂಜಿ ಹಿತ್ತಾಳೆಯದೋ ಸ್ಟೇನ್‌ಲೆಸ್ಸಿನದೋ ಇರಲಿ. ಕಬ್ಬಿಣದ್ದಾದರೆ ಒಂದು ಮಳೆಗಾಲದಲ್ಲೇ ಪ್ರತಿ ತೂತಿಗೂ ತುಕ್ಕಿನ ಬೊಟ್ಟು.

ಸುತ್ತುವಾಗ ಹಾಸಿನ ಪ್ರತಿ ಜೋಡಿಗೆ 1.5 ಮೀಟರ್ ನೂಲು, ಎರಡೂ ತುದಿಯಿಂದ ಒಂದೊಂದು ಬಾಬಿನ್ನಿಗೆ. ಹೊಕ್ಕಿಗೆ ಮಾತ್ರ 4 ಮೀಟರ್. 20 ಸೆಂ.ಮೀ. ಪಟ್ಟಿಯಲ್ಲಿ ಅದು ನೂರು ಸಲ ಅಡ್ಡ ಓಡಬೇಕು. ಎಲ್ಲಕ್ಕೂ ಸಮ ಸುತ್ತಿದವರ ಹೊಕ್ಕು ನಡುದಾರಿಯಲ್ಲೇ ಖಾಲಿ. ಎಲ್ಲವನ್ನೂ ಒಂದೇ ದಿಕ್ಕಿಗೆ ಸುತ್ತಿ, ಜೋಡಿಯ ನಡುವೆ 30 ಸೆಂ.ಮೀ. ಬಿಟ್ಟು, ಬಾಬಿನ್ನಿನ ಕುತ್ತಿಗೆಗೆ ಜಾರುಗುಣಿಕೆ ಹಾಕಿ. ನೇತುಬಿಟ್ಟಾಗ ನೂಲು ತಾನಾಗಿ ಬಿಚ್ಚಿಕೊಂಡರೆ ಗುಣಿಕೆ ತಿರುವುಮುರುವಾಗಿದೆ ಎಂದರ್ಥ.