ಮನೆಯಲ್ಲಿ ಚಿಕನ್ ಪಾಕ್ಸ್: ಮೊದಲು ಕ್ಯಾಲೆಂಡರ್ ಹಿಡಿಯಿರಿ

ಚಳಿ ಕಳೆದು ಸೆಖೆ ಶುರುವಾಗುವ ಹೊತ್ತಿಗೆ ಮಂಗಳೂರು, ಉಡುಪಿ ಕಡೆ ನೇಮ, ಬ್ರಹ್ಮಕಲಶ, ಮದುವೆ ಎಲ್ಲ ಒಟ್ಟಿಗೆ ಬರುತ್ತವೆ. ಚಿಕನ್ ಪಾಕ್ಸ್ ಬರುವುದೂ ಹೆಚ್ಚಾಗಿ ಅದೇ ಸಮಯಕ್ಕೆ. ಮಗುವಿಗೆ ಸಣ್ಣ ಜ್ವರ, ಊಟ ಬೇಡ ಅನ್ನುವ ಹಟ. ಮರುದಿನ ಹೊಟ್ಟೆ, ಬೆನ್ನಿನ ಮೇಲೆ ನಾಲ್ಕು ಕೆಂಪು ಚುಕ್ಕೆ. ಸೊಳ್ಳೆ ಕಚ್ಚಿರಬೇಕು ಅಂದುಕೊಳ್ಳುವಷ್ಟರಲ್ಲಿ ಸಂಜೆಗೆ ಮುಖ, ತಲೆ ಎಲ್ಲ ಎದ್ದಿರುತ್ತದೆ.

ಅಂಗಿ ಬಿಚ್ಚಿಸಿ ಒಳ್ಳೆ ಬೆಳಕಿನಲ್ಲಿ ನೋಡಿ. ಕೇಪುಳದ ಎಸಳಿನ ಮೇಲೆ ಇಬ್ಬನಿ ನಿಂತ ಹಾಗೆ ಕೆಂಪು ಚರ್ಮದ ಮೇಲೆ ತೆಳ್ಳಗಿನ ನೀರು ಗುಳ್ಳೆ ಕಾಣಿಸುತ್ತದೆ. ಒಂದೇ ಜಾಗದಲ್ಲಿ ಹೊಸ ಚುಕ್ಕೆ, ತುಂಬಿದ ಗುಳ್ಳೆ, ಒಣಗುತ್ತಿರುವ ಹಕ್ಕಳೆ ಮೂರೂ ಇದ್ದರೆ ಬಹುತೇಕ ಇದು ಚಿಕನ್ ಪಾಕ್ಸೇ. ತಲೆಕೂದಲಿನ ಒಳಗೂ ಹುಡುಕಿ. ಗುಳ್ಳೆಗಳು ಅಂಗೈ, ಅಂಗಾಲು, ಬಾಯಿಯಲ್ಲೇ ಜಾಸ್ತಿ ಇದ್ದರೆ ಅದು ಕೈ-ಕಾಲು-ಬಾಯಿ ರೋಗ ಇರಬಹುದು, ಅದರ ದಾರಿ ಬೇರೆ.

ಡಾಕ್ಟರರಿಗೆ ಮೊದಲು ಫೋನ್ ಮಾಡಿ. ಸೀದಾ ಕ್ಲಿನಿಕ್‌ಗೆ ಹೋಗಿ ಸಾಲಿನಲ್ಲಿ ಕೂರಬೇಡಿ. ಪಕ್ಕದ ಕುರ್ಚಿಯಲ್ಲಿ ಗರ್ಭಿಣಿ ಇರಬಹುದು, ಹಸುಗೂಸು ಇರಬಹುದು. ಈ ವೈರಸ್ ಗಾಳಿಯಲ್ಲೂ ಹರಡುತ್ತದೆ.

ಈಗ ಗೋಡೆಯ ಕ್ಯಾಲೆಂಡರ್ ಹಿಡಿಯಿರಿ. ಮೊದಲ ಗುಳ್ಳೆ ಫೆಬ್ರವರಿ 1ಕ್ಕೆ ಕಂಡಿತು ಅಂತ ಇಟ್ಟುಕೊಳ್ಳಿ. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಮಗು ಬೇರೆಯವರಿಗೆ ಹರಡುತ್ತಿರುತ್ತದೆ, ಅಂದರೆ ಜನವರಿ 30ರಿಂದಲೇ. ಎಲ್ಲ ಗುಳ್ಳೆಯೂ ಒಣಗುವವರೆಗೆ, ಸಾಧಾರಣ ಐದರಿಂದ ಏಳು ದಿನ, ಅಪಾಯ ಇದ್ದೇ ಇರುತ್ತದೆ. ಸೋಂಕು ತಗುಲಿದವರಿಗೆ ರೋಗ ಕಾಣಿಸಿಕೊಳ್ಳಲು 10ರಿಂದ 21 ದಿನ ಬೇಕು. ಹಾಗಾಗಿ ತಮ್ಮನಿಗೋ ತಂಗಿಗೋ ಬರುವುದಿದ್ದರೆ ಫೆಬ್ರವರಿ 9ರಿಂದ ತಿಂಗಳ ಕೊನೆಯೊಳಗೆ ಬರಬೇಕು. ಆ ದಿನಗಳಲ್ಲಿ ಯಾವ ಮದುವೆ, ಯಾವ ಪರೀಕ್ಷೆ, ಯಾರ ಸೀಮಂತ ಇದೆ ನೋಡಿಕೊಳ್ಳಿ. ಜನವರಿ 30ರ ನಂತರ ಯಾರ ಮನೆಗೆ ಹೋಗಿದ್ದಿರಿ ಎಂದೂ ನೆನಪು ಮಾಡಿಕೊಂಡು ಅವರಿಗೆ ಹೇಳಿ. ನಾಚಿಕೆ ಪಡುವ ವಿಷಯ ಅಲ್ಲ ಇದು.

ಮಗುವನ್ನು ಒಂದು ಕೋಣೆಯಲ್ಲಿ ಇಡುವುದು ಒಳ್ಳೆಯದೇ. ಆದರೆ ಒಡಹುಟ್ಟಿದವರನ್ನು ಅದರಿಂದ ಪೂರ್ತಿ ಉಳಿಸಬಹುದು ಎಂಬ ಭರವಸೆ ಬೇಡ. ಲಸಿಕೆ ಆಗದ, ಮೊದಲು ರೋಗ ಬಾರದ ಹತ್ತು ಜನ ಒಂದೇ ಮನೆಯಲ್ಲಿದ್ದರೆ ಸುಮಾರು ಒಂಬತ್ತು ಜನರಿಗೆ ತಗುಲುತ್ತದೆ. ಮನೆಯಲ್ಲಿ ಎರಡನೆಯದಾಗಿ ಬೀಳುವ ಮಗುವಿಗೆ ಗುಳ್ಳೆಗಳೂ ಜಾಸ್ತಿ. ಒಂದು ದಾರಿ ಇದೆ: ವರ್ಷ ತುಂಬಿದ, ಲಸಿಕೆ ಆಗದ ಮಗುವಿಗೆ ರೋಗಿಯ ಸಂಪರ್ಕಕ್ಕೆ ಬಂದ ಮೂರು ದಿನದೊಳಗೆ, ತಡವಾದರೆ ಐದು ದಿನದೊಳಗೆ ಲಸಿಕೆ ಹಾಕಿಸಿದರೆ ರೋಗ ತಪ್ಪಬಹುದು, ಇಲ್ಲವೇ ಹಗುರಾಗಬಹುದು. ಈ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ. ಮಕ್ಕಳ ಡಾಕ್ಟರರನ್ನು ಕೇಳಿ ಹಾಕಿಸಬೇಕು, ಎರಡು ಡೋಸ್.

ನಿಜವಾಗಿ ದೂರ ಇಡಬೇಕಾದವರು ಬೇರೆ. ಬಾಣಂತನಕ್ಕೆಂದು ತವರಿಗೆ ಬಂದ ಅಕ್ಕ, ಅವಳ ಕೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ದೊಡ್ಡಪ್ಪ, ಸ್ಟಿರಾಯ್ಡ್ ಮಾತ್ರೆ ನುಂಗುವ ಚಿಕ್ಕಮ್ಮ. ಚಿಕನ್ ಪಾಕ್ಸ್ ಬಂದಿರದ ಗರ್ಭಿಣಿ ಮಗುವಿನ ಜೊತೆ ಇದ್ದಿದ್ದರೆ ಅದೇ ದಿನ ಅವರ ಡಾಕ್ಟರರಿಗೆ ತಿಳಿಸಿ. ರಕ್ತ ಪರೀಕ್ಷೆ ಮಾಡಿ, ಬೇಕಾದರೆ ಹತ್ತು ದಿನದೊಳಗೆ ರಕ್ಷಣೆಯ ಇಂಜೆಕ್ಷನ್ ಕೊಡುತ್ತಾರೆ. ಹೆರಿಗೆಯ ಆಸುಪಾಸಿನಲ್ಲಿ ತಾಯಿಗೆ ಗುಳ್ಳೆ ಎದ್ದರೆ ಕೂಸಿಗೆ ದೊಡ್ಡ ಅಪಾಯ. ದೊಡ್ಡವರಿಗೆ ಬಂದರೆ ನ್ಯುಮೋನಿಯಾ ಭಯವೂ ಜಾಸ್ತಿ. 12 ವರ್ಷ ದಾಟಿದವರಿಗೆ ಗುಳ್ಳೆ ಕಂಡ 24 ಗಂಟೆಯೊಳಗೆ ಡಾಕ್ಟರರನ್ನು ಕಂಡರೆ ಎಸಿಕ್ಲೋವಿರ್ ಮಾತ್ರೆಯಿಂದ ಉಪಕಾರವಾದೀತು.

ಮಗುವಿನ ಮಟ್ಟಿಗೆ ದೊಡ್ಡ ಕಷ್ಟ ತುರಿಕೆ. ಮೊದಲ ದಿನವೇ ಉಗುರು ಗಿಡ್ಡ ಮಾಡಿ. ಸಣ್ಣ ಮಕ್ಕಳಿಗೆ ರಾತ್ರಿ ಕೈಗೆ ತೆಳು ಕಾಲುಚೀಲ ಹಾಕಿ. ಫ್ಯಾನ್ ಹಾಕಿ, ಸಡಿಲವಾದ ಹತ್ತಿ ಬಟ್ಟೆ ಸಾಕು. ನಮ್ಮ ಸೆಖೆಯಲ್ಲಿ ಬೆವರು ನಿಂತಷ್ಟೂ ತುರಿಕೆ ಏರುತ್ತದೆ. ಕ್ಯಾಲಮೈನ್ ಬಾಟಲಿ ಅಲ್ಲಾಡಿಸಿ, ಹತ್ತಿಯಲ್ಲಿ ಒತ್ತಿ ಒತ್ತಿ ಹಚ್ಚಿ. ಕಣ್ಣು, ಬಾಯಿಯ ಹತ್ತಿರ ಬೇಡ. ರಾತ್ರಿ ನಿದ್ದೆಯೇ ಇಲ್ಲ ಅಂದರೆ ತುರಿಕೆಯ ಸಿರಪ್ ಬಗ್ಗೆ ಡಾಕ್ಟರರನ್ನು ಕೇಳಿ.

ಸ್ನಾನದ ವಿಷಯಕ್ಕೆ ಪ್ರತಿ ಮನೆಯಲ್ಲೂ ಒಂದು ಜಗಳ ಇದ್ದದ್ದೇ. ಹಕ್ಕಳೆ ಬೀಳುವವರೆಗೆ ನೀರು ಮುಟ್ಟಿಸಬಾರದು ಅಂತ ಅಜ್ಜಿ. ಅಜ್ಜಿಯ ಬೇವಿನ ಸೊಪ್ಪಿಗೆ ನನ್ನ ತಕರಾರಿಲ್ಲ. ಎಳೆ ಸೊಪ್ಪಿನಲ್ಲಿ ಮೆಲ್ಲ ಸವರಿದರೆ ಮಗುವಿಗೆ ಹಾಯೆನಿಸುತ್ತದೆ. ಆದರೆ ಸ್ನಾನ ನಿಲ್ಲಿಸಬೇಡಿ. ಕೊಳೆ, ಬೆವರು ಇದ್ದರೆ ಕೆರೆದ ಗುಳ್ಳೆಯಲ್ಲಿ ಕೀವು ಆಗುತ್ತದೆ. ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗಿನ ನೀರು ಹೊಯ್ಯಿರಿ. ಬೈರಾಸಿನಲ್ಲಿ ಉಜ್ಜದೆ ಒತ್ತಿ ಒರೆಸಿ. ಒಡೆದ ಗುಳ್ಳೆಗೆ ಬೂದಿ, ಅರಿಶಿನ ಮೆತ್ತುವುದು ಬೇಡ.

ಊಟದಲ್ಲಿ 'ನಂಜು' ಅಂತ ಮೀನು, ಬದನೆ ಎಲ್ಲ ಬಂದ್. ವಾರ ಮೀನು ಬಿಟ್ಟರೆ ಯಾರಿಗೂ ನಷ್ಟವಿಲ್ಲ, ಅಲ್ವಾ? ಆದರೆ ಪಥ್ಯದ ಹೆಸರಲ್ಲಿ ಮಗುವನ್ನು ಬರೀ ಹೊಟ್ಟೆಯಲ್ಲಿ ಮಲಗಿಸಬೇಡಿ. ಬಾಯಿಯೊಳಗೂ ಹುಣ್ಣು ಇರುತ್ತದೆ, ಹುಳಿ-ಖಾರ ಉರಿಯುತ್ತದೆ. ತಣಿದ ಕುಚ್ಚಲಕ್ಕಿ ಗಂಜಿ, ತೆಳಿ, ಸೀಯಾಳ, ಮಜ್ಜಿಗೆ ಸುಲಭವಾಗಿ ಇಳಿಯುತ್ತದೆ. ಮೂತ್ರ ಸರಿಯಾಗಿ ಹೋಗುತ್ತಿದೆಯಾ ಗಮನಿಸಿ.

ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ., ಆರು ಗಂಟೆ ಬಿಟ್ಟು, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ. ಸಿರಪ್‌ಗಳ ಸ್ಟ್ರೆಂತ್ ಬೇರೆ ಬೇರೆ. 5 ಮಿ.ಲೀ.ಗೆ 125 ಇರುವುದೂ ಇದೆ, 250 ಇರುವುದೂ ಇದೆ. ಲೇಬಲ್ ಓದದೆ ಹಳೆ ಲೆಕ್ಕದಲ್ಲಿ ಕೊಟ್ಟರೆ ಡೋಸ್ ಎರಡು ಪಟ್ಟಾಗುತ್ತದೆ. ಆಸ್ಪಿರಿನ್ ಖಂಡಿತ ಕೊಡಬಾರದು. ಅದು ಮಕ್ಕಳ ಮೆದುಳು, ಲಿವರ್‌ಗೆ ಪೆಟ್ಟು ಕೊಡುವ ಅಪರೂಪದ ತೊಂದರೆ ತರಬಹುದು. ಇಬುಪ್ರೊಫೆನ್ ಕೂಡ ಬೇಡ, ಚರ್ಮದ ಸೋಂಕು ಉಲ್ಬಣಿಸುವ ಭಯ ಇದೆ. ಪ್ಯಾರಸಿಟಮಾಲ್, ಇಬುಪ್ರೊಫೆನ್ ಎರಡೂ ಸೇರಿಸಿದ ಸಿರಪ್ ಸಿಗುತ್ತದೆ, ಹಾಗಾಗಿ ಲೇಬಲ್ ಇನ್ನೊಮ್ಮೆ ಓದಿ.

ಜ್ವರ ನಾಲ್ಕು ದಿನ ದಾಟಿದರೆ, ಬಿಟ್ಟು ಮತ್ತೆ ಬಂದರೆ, ಗುಳ್ಳೆಯ ಸುತ್ತ ಕೆಂಪಾಗಿ ಬಿಸಿಯಾಗಿ ಊದಿದರೆ ಡಾಕ್ಟರರ ಬಳಿ ಹೋಗಿ. ಉಸಿರಾಟಕ್ಕೆ ಕಷ್ಟ, ನಿಲ್ಲದ ವಾಂತಿ, ಎಬ್ಬಿಸಿದರೂ ಏಳದ ಮಂಪರು, ನಡೆಯುವಾಗ ತೂರಾಟ, ಕುತ್ತಿಗೆ ಬಿಗಿತ ಕಂಡರೆ ರಾತ್ರಿಯಾದರೂ ಕಾಯಬೇಡಿ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ 'ಚಿಕನ್ ಪಾಕ್ಸ್' ಎಂದು ಹೇಳಿ.

ಇನ್ನು ಅಜ್ಜನ ಸರ್ಪಸುತ್ತು. ಅದೂ ಇದೇ ವೈರಸ್ಸಿನ ಕೆಲಸ. ಚಿಕ್ಕಂದಿನ ಚಿಕನ್ ಪಾಕ್ಸ್ ವಾಸಿಯಾದರೂ ವೈರಸ್ ನರಗಳಲ್ಲಿ ಸುಮ್ನೆ ಮಲಗಿರುತ್ತದೆ, ವಯಸ್ಸಾದ ಮೇಲೆ ಏಳುತ್ತದೆ. ಮೊಮ್ಮಗನ ಚಿಕನ್ ಪಾಕ್ಸ್‌ನಿಂದ ಅಜ್ಜನಿಗೆ ಸರ್ಪಸುತ್ತು ಅಂಟುವುದಿಲ್ಲ. ಅಜ್ಜನ ಗುಳ್ಳೆಯ ನೀರು ತಾಗಿದರೆ ಮೊಮ್ಮಗನಿಗೆ ಚಿಕನ್ ಪಾಕ್ಸ್ ಬರಬಹುದು.

ಶಾಲೆಗೆ ಯಾವಾಗ? ಹೊಸ ಗುಳ್ಳೆ ನಿಂತು, ಇದ್ದದ್ದೆಲ್ಲ ಒಣಗಿ ಹಕ್ಕಳೆಗಟ್ಟಿದ ಮೇಲೆ. ಹಕ್ಕಳೆ ಉದುರುವವರೆಗೆ ಕಾಯಬೇಕಿಲ್ಲ, ಒಣಗಿದ ಹಕ್ಕಳೆಯಿಂದ ರೋಗ ಹರಡುವುದಿಲ್ಲ. ಕೆಲವು ಶಾಲೆಗಳು ಡಾಕ್ಟರರ ಚೀಟಿ ಕೇಳುತ್ತವೆ, ಮೊದಲೇ ಬರೆಸಿಕೊಳ್ಳಿ.