ಬಲಗಣ್ಣು ಅದುರಿತೆಂದು ಲಾಟರಿ ತೆಗೆದುಕೊಂಡವನ ಮಾತು

ಕೇರಳದ ಕಾಸರಗೋಡು ಕಡೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಏಪ್ರಿಲ್, ಮೇ ಬಂತೆಂದರೆ ಮದುವೆ, ಉಪನಯನ, ಒಕ್ಕಲಿನ ಹೇಳಿಕೆ ಕಾಗದಗಳ ರಾಶಿ. ಕೆಲವರಿಗೆ ಕನ್ನಡ, ಕೆಲವರಿಗೆ ಮಲಯಾಳ, ಕೆಲವರಿಗೆ ಎರಡೂ. ಹೋದ ಸೀಸನ್ನಿನಲ್ಲಿ ಒಂದು ದಿನ ಪ್ರೂಫ್ ನೋಡುವಾಗ ಬಲಗಣ್ಣಿನ ಕೆಳರೆಪ್ಪೆ ಪಟಪಟ ಅದುರತೊಡಗಿತು. ಗಂಡಸರಿಗೆ ಬಲಗಣ್ಣು ಅದುರಿದರೆ ಶುಭ ಅಲ್ವಾ? ಪಕ್ಕದ ಗೂಡಂಗಡಿಯವರು "ಇವತ್ತೇ ಒಂದು ಲಾಟರಿ ತಗೊಳ್ಳಿ ಭಟ್ರೇ" ಅಂದರು. ಗಡಿಯ ಈಚೆ ಇರುವ ನಮಗೆ ಕೇರಳ ಲಾಟರಿಗೇನೂ ಬರವಿಲ್ಲ. ಮೂರು ದಿನ ತೆಗೆದುಕೊಂಡೆ. ದುಡ್ಡು ಹೋಯಿತು, ರೆಪ್ಪೆ ಅದುರುತ್ತಲೇ ಇತ್ತು.

ಕಣ್ಣಿನ ಸುತ್ತ ಬಳೆಯ ಹಾಗೆ ಒಂದು ತೆಳು ಸ್ನಾಯು ಇದೆ. ಅದರ ಕೆಲವು ಎಳೆಗಳು ತಾವಾಗಿಯೇ ಬಿಗಿದು ಸಡಿಲವಾಗುವುದೇ ಈ ಅದುರು. ಡಾಕ್ಟರರು ಮಯೋಕಿಮಿಯಾ ಅನ್ನುತ್ತಾರೆ. ನಮಗೆ ಒಳಗೆ ಇರುವೆ ಹರಿದಂತೆ ಅನಿಸಿದರೂ ಎದುರಿದ್ದವರಿಗೆ ಹೆಚ್ಚಾಗಿ ಕಾಣುವುದೇ ಇಲ್ಲ. ನಿದ್ದೆಗೆಡುವುದು, ಚಾ-ಕಾಫಿ ಜಾಸ್ತಿಯಾಗುವುದು, ತಲೆಬಿಸಿ, ಕಣ್ಣು ಒಣಗುವುದು ಇದನ್ನು ಕೆದಕುತ್ತವೆ. ನನ್ನಲ್ಲಿ ನಾಲ್ಕೂ ಇದ್ದವು.

ಮೊದಲು ನಿದ್ದೆ. ಐದು ಗಂಟೆ ಮಲಗುತ್ತಿದ್ದವನು ಏಳಕ್ಕೆ ತಂದೆ. ದಿನಕ್ಕೆ ಆರು ಕಟ್ಟನ್ ಚಾಯ (ಹಾಲಿಲ್ಲದ ಚಾ) ಎರಡಾಯಿತು. ಮೊದಲ ಎರಡು ದಿನ ತಲೆನೋವು ಬಂತು, ಹಾಗಾಗಿ ನೀವು ಒಂದೊಂದೇ ಕಡಿಮೆ ಮಾಡಿ.

ಸ್ಕ್ರೀನನ್ನೇ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ. ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಬೇಕು. ನಾನು ರಸ್ತೆಯಾಚೆಯ ತೆಂಗಿನಮರದ ಕಾಯಿ ಎಣಿಸುತ್ತಿದ್ದೆ. ಟೇಬಲ್ ಫ್ಯಾನ್ ನೇರ ಮುಖಕ್ಕೆ ಬೀಸುತ್ತಿತ್ತು, ಅದನ್ನು ಕಾಲಿನ ಕಡೆ ತಿರುಗಿಸಿದೆ.

ರಾತ್ರಿ ಬಿಸಿ ಶಾಖ ಕೊಡಿ. ಹಳೆಯ, ಮೆತ್ತಗಾದ ಹತ್ತಿ ಬೈರಾಸು (ಟವೆಲು) ಒಳ್ಳೆಯದು. ಬಿಸಿನೀರಿಗೆ ಅದ್ದಿ, ಚೆನ್ನಾಗಿ ಹಿಂಡಿ, ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಅಲ್ಲಿ ಸುಡದಿದ್ದರೆ ಮಾತ್ರ ಮುಚ್ಚಿದ ಕಣ್ಣಿನ ಮೇಲಿಡಿ. ಐದು ನಿಮಿಷ ಸಾಕು. ಒತ್ತಬೇಡಿ. ಕಣ್ಣು ಉರಿಯುತ್ತಿದ್ದರೆ ಕೃತಕ ಕಣ್ಣೀರಿನ ಡ್ರಾಪ್ಸ್ ಆಗುತ್ತದೆ.

ನಂದಿಬಟ್ಟಲ ರಸ, ಜೇನು ಬಿಡಲು ಹೇಳುವವರು ಮನೆಯಲ್ಲೇ ಇರುತ್ತಾರೆ. ಬೇಡವೇ ಬೇಡ, ಸೋಂಕು ತಗಲಬಹುದು. ಮನೆಯಲ್ಲಿ ಉಳಿದಿರುವ ಸ್ಟಿರಾಯ್ಡ್ ಡ್ರಾಪ್ಸ್ ಕೂಡ ಸುಮ್ನೆ ಹಾಕಬೇಡಿ. ದಿನಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು.

ನನ್ನದು ಹತ್ತು ದಿನದಲ್ಲಿ ನಿಂತಿತು. ಕೆಲವರಿಗೆ ಎರಡು ಮೂರು ವಾರ ಬೇಕಾಗುತ್ತದೆ. ಅದನ್ನೂ ಮೀರಿದರೆ, ರೆಪ್ಪೆ ಪೂರ್ತಿ ಮುಚ್ಚಿಕೊಂಡರೆ, ಕೆನ್ನೆ-ಬಾಯಿಯ ಕಡೆಗೂ ಹಬ್ಬಿದರೆ, ಕಣ್ಣು ಕೆಂಪಾಗಿ ಊದಿದರೆ ಕಣ್ಣಿನ ಡಾಕ್ಟರರಿಗೆ ತೋರಿಸಿ. ಮುಖ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಕಾಯಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಿ.

ನಮ್ಮ ಅಪ್ಪಚ್ಚಿಯದು, ಅಂದರೆ ಚಿಕ್ಕಪ್ಪನದು, ಬೇರೆಯೇ ಕತೆ. ಅಂಗಳದಲ್ಲಿ ಅಡಕೆ ಹರಡುವಾಗ ಬಿಸಿಲಿಗೆ ಎರಡೂ ಕಣ್ಣು ಗಟ್ಟಿ ಮುಚ್ಚಿಕೊಳ್ಳುತ್ತಿತ್ತು. ಹುಬ್ಬಿನ ಬದಿಗೆ ಬೆರಳಿಟ್ಟರೆ ಸ್ವಲ್ಪ ತೆರೆಯುತ್ತಿತ್ತು. ಕನ್ನಡಕ ಬದಲಿಸಿದರು, ಚಾ ಬಿಟ್ಟರು, ಏನೂ ಆಗಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ತೋರಿಸಿದಾಗ ಬ್ಲೆಫರೋಸ್ಪಾಸಂ ಅಂದರು. ಸ್ನಾಯುವಿಗೆ ಮೆದುಳಿನಿಂದ ಹೋಗುವ ಆಜ್ಞೆಯಲ್ಲೇ ಏರುಪೇರು. ಇದಕ್ಕೆ ರೆಪ್ಪೆಯ ಸುತ್ತ ಬೊಟುಲಿನಂ ಇಂಜೆಕ್ಷನ್ ಕೊಡುತ್ತಾರೆ. ಹೆಂಗಸರು ಸುಕ್ಕಿಗೆ ಹಾಕಿಸಿಕೊಳ್ಳುವ ಬೊಟಾಕ್ಸ್ ಅಲ್ವಾ ಅಂತ ಅಪ್ಪಚ್ಚಿ ನಾಚಿಕೊಂಡರು. ಅಸಲಿಗೆ ಅಮೆರಿಕದಲ್ಲಿ 1989ರಲ್ಲಿ ಅದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದೇ ಇಂಥ ಕಣ್ಣಿನ ತೊಂದರೆಗಳಿಗೆ, ಸುಕ್ಕು ಆಮೇಲೆ ಬಂತು. ಕೆಲವೇ ದಿನದಲ್ಲಿ ಕಣ್ಣು ಸಡಿಲವಾಯಿತು. ಸುಮಾರು ಮೂರು ತಿಂಗಳಲ್ಲಿ ಅದರ ಬಲ ಇಳಿಯುತ್ತದೆ, ಆಗ ಮತ್ತೆ ಮಂಗಳೂರಿನ ಬಸ್ಸು ಹತ್ತುತ್ತಾರೆ. ಈಗ ನನ್ನ ಹೇಳಿಕೆ ಕಾಗದಗಳ ಪ್ರೂಫಿನಲ್ಲಿ ಒತ್ತಕ್ಷರದ ತಪ್ಪು ಹಿಡಿಯುವುದು ಅವರೇ.